ಎಂಟನೇ ದಿನದಿಂದ ಬಾಣಂತಿ ಎಲ್ಲಿರಬೇಕು?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಧಿಕಾರಿಗಳಿಗೆ,
ಮೂರೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಿಗೆ,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ

ಮಾನ್ಯರೇ,

ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರ ಜೂನ್ 1ರಂದು ಜಾರಿಗೆ ಬಂತು. ಅದರ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ತಾಯಿಗೆ ಊಟ ಉಚಿತ: ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನ. ಕಾಯಿಲೆ ಬಿದ್ದ ಕೂಸಿನ ಚಿಕಿತ್ಸೆ ಮೊದಲು 30 ದಿನದವರೆಗೆ ಉಚಿತವಿತ್ತು, ಆಮೇಲೆ ಅದನ್ನು ಒಂದು ವರ್ಷಕ್ಕೆ ವಿಸ್ತರಿಸಲಾಯಿತು. ಈ ಎರಡು ಲೆಕ್ಕಗಳ ನಡುವೆ ಒಂದು ಸಂದು ಉಳಿದಿದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಎಸ್‌ಎನ್‌ಸಿಯುದಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ಐದಾರು ವಾರ ಇರಬೇಕಾಗುತ್ತದೆ. ತಾಯಿಗೆ ಮಾತ್ರ, ಸಿಸೇರಿಯನ್ ಆಗಿದ್ದರೂ, ಎಂಟನೇ ದಿನದಿಂದ ಊಟವೂ ಇಲ್ಲ, ಹಾಸಿಗೆಯೂ ಇಲ್ಲ. ಆ ಸಂದಿನ ಬಗ್ಗೆ ಈ ಪತ್ರ.

ಐದಾರು ವಾರ ಎಂದು ಸುಮ್ಮನೆ ಹೇಳುತ್ತಿಲ್ಲ. 1,200 ಗ್ರಾಂ ತೂಕದ ಕೂಸಿನ ಲೆಕ್ಕ ಹಾಕಿ ನೋಡಿ. ಮೊದಲ ವಾರ ಅದರ ತೂಕ ಇಳಿಯುತ್ತದೆ. ಹುಟ್ಟಿದಾಗಿನ ತೂಕಕ್ಕೆ ಮರಳಲು ಹತ್ತರಿಂದ ಹದಿನಾಲ್ಕು ದಿನ. ಅಲ್ಲಿಂದ ಮುಂದೆ ಎಲ್ಲ ಸರಿಯಿದ್ದರೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 15ರಿಂದ 20 ಗ್ರಾಂ ಏರುತ್ತದೆ. ಈ ಕೂಸಿಗೆ ಶುರುವಿನಲ್ಲಿ ದಿನಕ್ಕೆ 20 ಗ್ರಾಂ ಆಸುಪಾಸು. ಮನೆಗೆ ಕಳಿಸಲು 1,800 ಗ್ರಾಂ ಆಗಲಿ ಎಂದು ಕಾದರೆ ಇನ್ನೂ 600 ಗ್ರಾಂ ಬೇಕು, ಅದಕ್ಕೆ 25ರಿಂದ 30 ದಿನ. ತೂಕ ಒಂದೇ ಆದರೂ ಸಾಲದು. ಹೀರುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಕೂಸಿಗೆ ಬರುವುದು ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರಕ್ಕೆ. ಅಲ್ಲಿಯತನಕ ಬಾಯಿಂದ ಹೊಟ್ಟೆಗಿಳಿಸಿದ ಸಣ್ಣ ನಳಿಕೆ, ಆಮೇಲೆ ಒಳಲೆ, ಆಮೇಲೆ ಮೊಲೆ. 30 ವಾರಕ್ಕೆ ಹುಟ್ಟಿದ ಕೂಸಿಗೆ ನಳಿಕೆಯ ಹಂತ ದಾಟಲಿಕ್ಕೇ ಒಂದು ತಿಂಗಳು ಹಿಡಿಯಬಹುದು.

ಆ ನಳಿಕೆಯಲ್ಲಿ ಹೋಗಬೇಕಾದದ್ದು ತಾಯಿಯ ಹಾಲು. ದಿನ ತುಂಬದ ಕೂಸಿನ ಕರುಳು ಎಳೆಯದು, ಡಬ್ಬಿ ಹಾಲಿನ ಮೇಲೆ ಬೆಳೆಯುವ ಕೂಸುಗಳಲ್ಲಿ ಕರುಳು ಕೊಳೆಯುವ ಮಾರಕ ಕಾಯಿಲೆ ಹೆಚ್ಚು. 1,200 ಗ್ರಾಂ ಕೂಸಿಗೆ ಶುರುವಿನಲ್ಲಿ ಎರಡು ತಾಸಿಗೊಮ್ಮೆ 8 ಮಿಲಿ ಹಾಲು ಸಾಕು, ಎರಡು ವಾರದ ಹೊತ್ತಿಗೆ 15 ಮಿಲಿ ಬೇಕು. ತೊಂದರೆ ಶುರುವಾಗುವುದು ಇಲ್ಲೇ. ಕೂಸು ಕುಡಿಯುವುದು ಇಷ್ಟೇ ತಾನೆ ಎಂದು ತಾಯಿ ದಿನಕ್ಕೆರಡು ಸಲ ಮಾತ್ರ ಹಾಲು ಹಿಂಡಿದರೆ ಎದೆ ಅಷ್ಟಕ್ಕೇ ಒಗ್ಗಿಕೊಳ್ಳುತ್ತದೆ. ಮೂರನೇ ವಾರ ಕೂಸಿಗೆ ಹೆಚ್ಚು ಬೇಕಾದಾಗ ಹಾಲು ಬತ್ತಿರುತ್ತದೆ. ಅದಕ್ಕಾಗಿ ಹೆತ್ತ ಕೆಲವೇ ತಾಸುಗಳಲ್ಲಿ ಹಿಂಡಲು ಶುರು ಮಾಡಿ, ದಿನಕ್ಕೆ 8ರಿಂದ 10 ಸಲ, ಪ್ರತಿ ಸಲ 20ರಿಂದ 30 ನಿಮಿಷ, ಎರಡೂ ಕಡೆ ಹಿಂಡಬೇಕು. ರಾತ್ರಿಯ ಸರದಿಯನ್ನಂತೂ ತಪ್ಪಿಸುವಂತಿಲ್ಲ. ಹಾಲು ತರಿಸುವ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು. ರಾತ್ರಿ ಎಂಟಕ್ಕೆ ಗೇಟು ಮುಚ್ಚಿ ಬೆಳಗ್ಗೆ ಆರಕ್ಕೆ ತೆರೆಯುವ ವ್ಯವಸ್ಥೆಯಲ್ಲಿ ತಾಯಿಯ ಹಾಲು ಹೇಗೆ ಉಳಿದೀತು?

ಇನ್ನು ಕಾಂಗರೂ ಆರೈಕೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೇನೂ ಹಾಕದೆ ತಾಯಿಯ ಎದೆಯ ನಡುವೆ ನೆಟ್ಟಗೆ ಇಟ್ಟು, ಕತ್ತು ಒಂದು ಪಕ್ಕಕ್ಕೆ ತಿರುಗಿಸಿ, ಕಾಲು ಕಪ್ಪೆಯಂತೆ ಮಡಚಿ, ಬಟ್ಟೆಯಿಂದ ಕಟ್ಟುವುದು. ದಿನಕ್ಕೆ 8ರಿಂದ 24 ತಾಸು ಹೀಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ಅದರ ಹಿಂದೆ 2021ರಲ್ಲಿ ಪ್ರಕಟವಾದ, ಐದು ದೇಶಗಳಲ್ಲಿ ನಡೆದ ಅಧ್ಯಯನವಿದೆ. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿ ಪಾಲ್ಗೊಂಡಿತ್ತು. 1 ಕಿಲೋದಿಂದ 1.8 ಕಿಲೋ ಒಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟು, ತಾಯಿಯ ಮಂಚವನ್ನೇ ಘಟಕದೊಳಗೆ ಹಾಕಿದರು. 28 ದಿನದೊಳಗಿನ ಸಾವು ಮಾಮೂಲಿ ಆರೈಕೆ ಪಡೆದ ಕೂಸುಗಳಲ್ಲಿ ಶೇ. 15.7 ಇದ್ದರೆ, ಇವುಗಳಲ್ಲಿ ಶೇ. 12 ಇತ್ತು. ಲಾಭ ಅಷ್ಟು ಸ್ಪಷ್ಟವಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಅಲ್ಲಿ ಹೊಸ ಯಂತ್ರವಿರಲಿಲ್ಲ, ಹೊಸ ಔಷಧವಿರಲಿಲ್ಲ. ತಾಯಿ ಇದ್ದಳು, ಆಕೆಗೊಂದು ಮಂಚವಿತ್ತು.

ಹಿಂಡಲು ದಿನಕ್ಕೆ ನಾಲ್ಕು ತಾಸು, ಎದೆಗೆ ಕಟ್ಟಿಕೊಳ್ಳಲು ಕನಿಷ್ಠ ಎಂಟು ತಾಸು. ತಾಯಿಯ ದಿನದ ಅರ್ಧ ಇಲ್ಲೇ ಮುಗಿಯಿತು. ಉಣ್ಣುವುದು, ಮೀಯುವುದು, ನಿದ್ದೆ ಎಲ್ಲ ಉಳಿದ ಹನ್ನೆರಡು ತಾಸಿನಲ್ಲಿ.

ಇಷ್ಟಾದ ಮೇಲೂ ಕೇಳಿಬರುವ ಮಾತೊಂದಿದೆ: 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ದಿನಾ ಬಂದು ಹೋಗಲಿ. ಶಕ್ತಿ ಯೋಜನೆಯಿಂದ ಬಾಣಂತಿಯರಿಗೂ ಅವರ ತಾಯಂದಿರಿಗೂ ದೊಡ್ಡ ಉಪಕಾರವಾಗಿದೆ, ನಿಜ. ಆದರೆ ಆಳಂದದಿಂದಲೋ ಸುರಪುರದಿಂದಲೋ ಔರಾದದಿಂದಲೋ ದಿನಾ ಬಂದು ಹೋಗುವ ಬಾಣಂತಿ ಎರಡು ಸಲ ಹಿಂಡಬಹುದು, ಹತ್ತು ಸಲ ಅಲ್ಲ. ಬಸ್ಸಿನ ಕುಲುಕಾಟಕ್ಕೆ ಹೊಲಿಗೆ ನೋಯುತ್ತದೆ, ದಾರಿಯಲ್ಲಿ ಎದೆ ಕಲ್ಲಾಗುತ್ತದೆ. ಮನೆಯಲ್ಲಿ ಹಿಂಡಿ ಡಬ್ಬಿಯಲ್ಲಿ ತರುತ್ತೇವೆಂದರೆ ಅದೂ ಆಗದು. ಹಿಂಡಿದ ಹಾಲು 25 ಡಿಗ್ರಿಯಲ್ಲೇ ನಾಲ್ಕು ತಾಸು ತಾಳುವುದು; ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಹಾಗಾದರೆ ಎಲ್ಲಿರಬೇಕು? ಇಲ್ಲಿ ದೂರದ ಲೆಕ್ಕ ಮುಖ್ಯ. ಎಷ್ಟೋ ಕಡೆ ಆಸ್ಪತ್ರೆಯ ಆವರಣದ ಒಂದು ಮೂಲೆಯಲ್ಲಿ ವಿಶ್ರಾಂತಿ ಗೃಹ ಕಟ್ಟಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ಘಟಕದಿಂದ 300 ಮೀಟರ್ ದೂರವಿದ್ದರೆ, ದಿನಕ್ಕೆ ಎಂಟು ಸಲ ಹೋಗಿ ಬರುವ ತಾಯಿ 4.8 ಕಿಲೋಮೀಟರ್ ನಡೆದಂತಾಯಿತು. ಹೊಟ್ಟೆ ಕೊಯ್ದು ಎಂಟೊಂಬತ್ತು ದಿನ ಆದವಳು, ಅದರಲ್ಲಿ ಮೂರು ಸಲ ಕತ್ತಲಲ್ಲಿ. ನಾಲ್ಕನೇ ದಿನಕ್ಕೆ ರಾತ್ರಿಯ ಸರದಿ ಬಿಟ್ಟುಹೋಗುತ್ತದೆ, ಹತ್ತನೇ ದಿನಕ್ಕೆ ಹಾಲು ಕಡಿಮೆಯಾಗುತ್ತದೆ, ಆಗ ಎಲ್ಲರೂ ತಾಯಿಗೆ ಹಾಲೇ ಇಲ್ಲ ಎನ್ನುತ್ತಾರೆ. ಆದ್ದರಿಂದ ತಾಯಂದಿರ ಕೋಣೆ ಘಟಕದ ಕಟ್ಟಡದಲ್ಲೇ, ಅದೇ ಮಹಡಿಯಲ್ಲಿ, ಮೆಟ್ಟಿಲು ಹತ್ತದೆ ತಲುಪುವಷ್ಟು ಹತ್ತಿರ ಇರಬೇಕು. ಅಷ್ಟು ಜಾಗ ಸಿಗದಿದ್ದರೆ ಅದೇ ಮಹಡಿಯ ಕಚೇರಿ ಕೋಣೆಯೋ ಉಗ್ರಾಣವೋ ಬೇರೆಡೆಗೆ ಹೋಗಲಿ. ಕಡತಗಳು 300 ಮೀಟರ್ ದೂರದಲ್ಲಿದ್ದರೆ ಯಾರ ಹಾಲೂ ಬತ್ತುವುದಿಲ್ಲ.

ಎಷ್ಟು ಮಂಚ ಎಂಬುದಕ್ಕೆ ಹೊಸ ಸಮೀಕ್ಷೆ ಬೇಡ. ಎಸ್‌ಎನ್‌ಸಿಯು ರಿಜಿಸ್ಟರಿನ ಕಳೆದ ಮೂರು ತಿಂಗಳ ಪುಟ ತೆಗೆಯಿರಿ. ಪ್ರತಿ ರಾತ್ರಿ ಹನ್ನೆರಡಕ್ಕೆ ಒಳಗಿದ್ದ ಕೂಸುಗಳಲ್ಲಿ ತಾಯಿಗೆ ಆಗಲೇ ಡಿಸ್ಚಾರ್ಜ್ ಆಗಿದ್ದವು ಎಷ್ಟು, ಬೇರೆ ಕಡೆ ಹುಟ್ಟಿ ಇಲ್ಲಿಗೆ ಬಂದವು ಎಷ್ಟು ಎಂದು ಎಣಿಸಿ ಕೂಡಿಸಿ. ಅವಳಿಗಳಿದ್ದರೆ ಇಬ್ಬರಿಗೆ ಒಬ್ಬಳೇ ತಾಯಿ ಎಂದು ಕಳೆಯಿರಿ. ಬಂದ ಸಂಖ್ಯೆಗಳ ಸರಾಸರಿ ಹಿಡಿದರೆ ಅರ್ಧದಷ್ಟು ರಾತ್ರಿ ಯಾರೋ ನೆಲದ ಮೇಲೆ ಮಲಗಬೇಕಾಗುತ್ತದೆ. ಹೆಚ್ಚು ಕೂಸುಗಳಿದ್ದ ರಾತ್ರಿಯ ಸಂಖ್ಯೆಯನ್ನೇ ಹಿಡಿಯಿರಿ.

ಬೇರೆ ಕಡೆ ಹೆತ್ತವರ ಪಾಡು ಇನ್ನೂ ಕಠಿಣ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ, ಕೂಸು ಮಾತ್ರ 108ರಲ್ಲಿ ಅಪ್ಪನ ಜೊತೆ ಜಿಲ್ಲಾ ಆಸ್ಪತ್ರೆಗೆ ಬರುತ್ತದೆ. ತಾಯಿ ಹಿಂದೆಯೇ ಉಳಿಯುತ್ತಾಳೆ. ಗಿಣ್ಣದಂಥ ಮೊದಲ ಹಾಲು ಬರುವ ದಿನಗಳು ಹಾಗೇ ಕಳೆದುಹೋಗುತ್ತವೆ. ಆಕೆ ಮೂರ್ನಾಲ್ಕು ದಿನ ಬಿಟ್ಟು ಬಂದಾಗ ಈ ಆಸ್ಪತ್ರೆಯ ಲೆಕ್ಕದಲ್ಲಿ ಆಕೆ ರೋಗಿಯೇ ಅಲ್ಲ, ಒಂದು ದಿನದ ಊಟಕ್ಕೂ ಹೆಸರಿಲ್ಲ. ಇದಕ್ಕೆ ಪರಿಹಾರ ಸರಳ. ಕೂಸನ್ನು ಕಳಿಸುವಾಗ, ತಾಯಿಯ ಸ್ಥಿತಿ ಒಪ್ಪುವಂತಿದ್ದರೆ ಅದೇ ಗಾಡಿಯಲ್ಲಿ ತಾಯಿಯನ್ನೂ ಕಳಿಸಬೇಕು. ಜಿಲ್ಲಾ ಆಸ್ಪತ್ರೆ ಆಕೆಯನ್ನು ಹೆರಿಗೆಯ ನಂತರದ ವಾರ್ಡಿಗೆ ದಾಖಲಿಸಿಕೊಳ್ಳಬೇಕು. ಕೂಡಲೇ ಬರಲಾಗದಿದ್ದರೆ ತಾಲ್ಲೂಕು ಆಸ್ಪತ್ರೆಯ ಸಿಸ್ಟರ್ ಮೊದಲ ದಿನವೇ ಆಕೆಯ ಕೈಯಿಂದ ಹಾಲು ಹಿಂಡಿಸಲು ಶುರು ಮಾಡಬೇಕು.

ತಾಯಿಗೂ ಕಾಯಿಲೆ ಇರುತ್ತದೆ ಎಂಬುದನ್ನು ಮರೆತುಬಿಡುತ್ತೇವೆ. ಕೂಸು ಬೇಗ ಹುಟ್ಟಿದ್ದು ಎಷ್ಟೋ ಸಲ ತಾಯಿಯ ರಕ್ತದೊತ್ತಡ ಏರಿದ್ದರಿಂದ, ರಕ್ತಸ್ರಾವದಿಂದ, ಸೋಂಕಿನಿಂದ. ಆಕೆಯ ಹೆಸರು ರಿಜಿಸ್ಟರಿನಿಂದ ಹೋದ ದಿನವೇ ಬಿಪಿ ನೋಡುವವರೂ ಇಲ್ಲ, ಹೊಲಿಗೆ ನೋಡುವವರೂ ಇಲ್ಲ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆ ಕೊಡುವವರೂ ಇಲ್ಲ. ತಾಯಂದಿರ ಕೋಣೆಗೆ ದಿನಕ್ಕೊಮ್ಮೆ ಸಿಸ್ಟರ್ ಬಂದು ಬಿಪಿ, ಜ್ವರ, ಹೊಲಿಗೆ, ಸ್ರಾವ, ಎದೆ ಗಟ್ಟಿಯಾಗಿದೆಯೇ, ಈ ಐದನ್ನು ನೋಡಿ ಬರೆದಿಟ್ಟರೆ ಸಾಕು.

ಕೋಣೆಯೊಳಗೆ ಏನಿರಬೇಕು ಎಂಬುದನ್ನೂ ಹೇಳಿಬಿಡುತ್ತೇವೆ, ಏಕೆಂದರೆ ತಪ್ಪಾಗುವುದು ಇಂಥ ಸಣ್ಣ ವಿಷಯಗಳಲ್ಲೇ. ಚಾಪೆ ಬೇಡ, ಒಂದೂವರೆ ಅಡಿ ಎತ್ತರದ ಮಂಚ ಬೇಕು; ಹೊಲಿಗೆ ಇರುವವಳು ನೆಲದಿಂದ ಏಳಲಾರಳು. ಆರು ಜನಕ್ಕೊಂದು ಪಾಯಖಾನೆ, ಅದರಲ್ಲಿ ಒಂದಾದರೂ ಕುರ್ಚಿಯಂತೆ ಕೂರುವಂಥದ್ದು, ಗೋಡೆಗೆ ಹಿಡಿಕೆ ಇರುವಂಥದ್ದು. ಮೀಯಲು ಬಿಸಿನೀರು. ಬಿಸಿನೀರಿಲ್ಲದೆ ನಮ್ಮ ಕಡೆಯ ಯಾವ ಅತ್ತೆಯೂ ತಾಯಿಯೂ ಬಾಣಂತಿಯನ್ನು ಅಲ್ಲಿ ಬಿಡುವುದಿಲ್ಲ. ಮನೆಯಲ್ಲಾದರೆ ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುತ್ತಿದ್ದರು. ಆಸ್ಪತ್ರೆಯಲ್ಲಿ ಅದು ಸಲ್ಲ, ಆದರೆ ಬೆಚ್ಚಗಿನ ಹೊದಿಕೆ ಮತ್ತು ಗಾಳಿ ನೇರ ಬಡಿಯದ ಮೂಲೆ ಕೊಟ್ಟರೆ ಹಿರಿಯರ ಮನಸ್ಸೂ ಒಪ್ಪುತ್ತದೆ. ಪ್ರತಿ ಮಂಚಕ್ಕೆ ಬೀಗ ಹಾಕುವ ಸಣ್ಣ ಪೆಟ್ಟಿಗೆ ಬೇಕು, ಇಲ್ಲದಿದ್ದರೆ ಮೊಬೈಲು, ತಾಳಿ, ದುಡ್ಡು ಕಾಯುವುದಕ್ಕೇ ಒಬ್ಬರು ಕೂತಿರಬೇಕಾಗುತ್ತದೆ. ತಗಡಿನ ಶೆಡ್ಡು ಮಾತ್ರ ಕಟ್ಟಬೇಡಿ. ಕಲಬುರಗಿಯ ಮೇ ತಿಂಗಳಲ್ಲಿ ಅದರೊಳಗೆ ಯಾರೂ ಇರಲಾರರು.

ಹಾಲು ಹಿಂಡುವ ಜಾಗ ಬೇರೆ ಇರಲಿ, ಘಟಕದ ಪಕ್ಕದಲ್ಲೇ. ಮೊಣಕೈಯಿಂದ ತಿರುಗಿಸುವ ನಲ್ಲಿ, ಸಾಬೂನು, ಬೆನ್ನಿಗೆ ಆಸರೆಯ ಕುರ್ಚಿ, ಪರದೆ, ಕುದಿಸಿಟ್ಟ ಅಗಲ ಬಾಯಿಯ ಸ್ಟೀಲ್ ಬಟ್ಟಲುಗಳು, ಹಾಲಿಗೆಂದೇ ಇರುವ ಒಂದು ಫ್ರಿಜ್. ಲಸಿಕೆಯ ಫ್ರಿಜ್ಜಿನಲ್ಲೋ ಸಿಬ್ಬಂದಿಯ ಊಟದ ಫ್ರಿಜ್ಜಿನಲ್ಲೋ ಹಾಲು ಇಡಬಾರದು. ಪ್ರತಿ ಬಟ್ಟಲಿನ ಮೇಲೆ ತಾಯಿಯ ಹೆಸರು, ಕೂಸಿನ ನಂಬರು, ಹಿಂಡಿದ ವೇಳೆ. ಒಂದೇ ಹೆಸರಿನ ಇಬ್ಬರು ತಾಯಂದಿರು ಒಂದೇ ವಾರ ಇರುವುದು ಸಾಮಾನ್ಯ, ಹೆಸರು ಮಾತ್ರ ಬರೆದರೆ ಹಾಲು ಅದಲುಬದಲಾಗುತ್ತದೆ. ಫ್ರಿಜ್ಜಿನಲ್ಲಿಟ್ಟು 24 ತಾಸು ಮೀರಿದ ಹಾಲನ್ನು ಚೆಲ್ಲಬೇಕು.

ಊಟದ ವಿಷಯ. ದಾನಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಶರಣಬಸವೇಶ್ವರರ ದಾಸೋಹದ ಊರು ಕಲಬುರಗಿ. ಬೀದರಿನ ಗುರುನಾನಕ್ ಝೀರಾದಲ್ಲಿ ಲಂಗರ್ ನಡೆಯುತ್ತಲೇ ಇದೆ. ಐದು ರೂಪಾಯಿ ತಿಂಡಿ, ಹತ್ತು ರೂಪಾಯಿ ಊಟದ ಇಂದಿರಾ ಕ್ಯಾಂಟೀನು ಇದೆ. ಆದರೆ ದಾನದ ಊಟ ಬಹುತೇಕ ಮಧ್ಯಾಹ್ನ ಒಂದೇ ಹೊತ್ತು, ಅದೂ ಅನ್ನ ಸಾರು. ಹಾಲೂಡುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು, ಜೊತೆಗೆ ಬೇಳೆ, ಮೊಟ್ಟೆ, ಹಾಲು ಬೇಕು. ಮೂರು ಹೊತ್ತಿನ ಊಟಕ್ಕೆ ಜೋಳದ ರೊಟ್ಟಿ, ಗಟ್ಟಿ ತೊಗರಿ ಬೇಳೆ, ಮೆಂತ್ಯವೋ ಸಬ್ಬಸಗಿಯೋ ಒಂದು ಪಲ್ಯ, ಒಂದು ಮೊಟ್ಟೆ. ನಡುವೆ ಎರಡು ಸಲ ಅಂಟಿನ ಉಂಡಿ ಅಥವಾ ಶೇಂಗಾ ಚಿಕ್ಕಿ. ಎಲ್ಲಕ್ಕಿಂತ ಮುಖ್ಯ ರಾತ್ರಿ ಹನ್ನೊಂದಕ್ಕೆ ಒಂದು ಲೋಟ ಬಿಸಿ ಹಾಲು, ನಸುಕಿನ ನಾಲ್ಕಕ್ಕೆ ತಿನ್ನಲು ಏನಾದರೂ. ಆ ಹೊತ್ತಿಗೆ ಕೊಡುವವರು ಯಾರೂ ಇಲ್ಲ. ದಾನಿಗಳನ್ನು ಕೇಳುವುದಿದ್ದರೆ ಇದನ್ನೇ ಕೇಳಿ, ಉಂಡಿಯ ಡಬ್ಬಿ ಕೋಣೆಯಲ್ಲೇ ಇರಲಿ. ಕೋಣೆಯೊಳಗೆ ಸ್ಟೋವ್ ಬೇಡ. ಘಟಕದ ಪಕ್ಕದಲ್ಲಿ ಆಕ್ಸಿಜನ್ ಪೈಪು ಹಾದುಹೋಗುತ್ತದೆ.

ಗಂಡಸರಿಗೂ ಹಿರಿಯರಿಗೂ ಬೇರೆ ಹಾಲ್ ಬೇಕು, ಅದು ಸ್ವಲ್ಪ ದೂರವಿದ್ದರೂ ನಡೆಯುತ್ತದೆ. ನಗರದ ವಸತಿರಹಿತರ ಆಶ್ರಯ ಕೇಂದ್ರಗಳಿಗೆ ಕೇಂದ್ರ ಸರ್ಕಾರ ತಲೆಗೆ ಕನಿಷ್ಠ 50 ಚದರ ಅಡಿ ಎಂದು ನಿಗದಿ ಮಾಡಿದೆ. ಇಪ್ಪತ್ತು ಜನಕ್ಕೆ 1,000 ಚದರ ಅಡಿ. ಅಪ್ಪಂದಿರನ್ನು ಗೇಟಿನ ಹೊರಗೆ ಔಷಧ ಚೀಟಿಗಾಗಿ ಕಾಯುವವರೆಂದು ನೋಡುವುದು ನಿಲ್ಲಲಿ. ಕಾಂಗರೂ ಆರೈಕೆ ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು, ತಾಯಿ ನಿದ್ದೆ ಮಾಡುವ ನಾಲ್ಕು ತಾಸು ಕೂಸು ಅವರ ಎದೆಯ ಮೇಲಿರಬಹುದು. ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಕುಟುಂಬವನ್ನು ಎಸ್‌ಎನ್‌ಸಿಯು ಆರೈಕೆಯಲ್ಲಿ ಸೇರಿಸಿಕೊಳ್ಳುವ ಮಾರ್ಗಸೂಚಿ ಕೊಟ್ಟಿದೆ: ಕೈ ತೊಳೆಯುವುದರಿಂದ ಹಿಡಿದು ಮನೆಯ ಆರೈಕೆಯವರೆಗೆ ನಾಲ್ಕು ಪಾಠ. ಪಾಠ ಕಲಿಯಬೇಕಾದವರು ಊರಿನಲ್ಲಿದ್ದರೆ ಕಲಿಸುವುದು ಯಾರಿಗೆ?

ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಲೇಬೇಕಾದ ಅಪ್ಪನಿಗೆ ದಿನಾ ಒಂದೇ ಹೊತ್ತಿಗೆ, ಸಂಜೆ ಐದಕ್ಕೆ ಎನ್ನೋಣ, ಫೋನಿನಲ್ಲಿ ಕೂಸಿನ ತೂಕ ಮತ್ತು ಕುಡಿದ ಹಾಲು ಹೇಳುವ ಪದ್ಧತಿ ಇರಲಿ.

ಇಂಥ ಕೋಣೆಗಳು ಕೆಡುವುದು ಹೇಗೆ ಎಂಬುದೂ ಗೊತ್ತಿರುವ ಸಂಗತಿ. ಮೊದಲ ಆರು ತಿಂಗಳು ಚೆನ್ನಾಗಿರುತ್ತದೆ. ಆಮೇಲೆ ಒಂದು ಮೂಲೆಯಲ್ಲಿ ಮುರಿದ ಮಂಚಗಳು ಬಂದು ಕೂರುತ್ತವೆ, ಬೇರೆ ವಾರ್ಡಿನವರು ಬಂದು ಮಲಗುತ್ತಾರೆ, ಯಾರೋ ಠೇವಣಿ ಕೇಳಲು ಶುರು ಮಾಡುತ್ತಾರೆ, ನಲ್ಲಿಯಲ್ಲಿ ನೀರು ನಿಂತರೆ ಕೋಣೆ ಕಟ್ಟಿಸಿಕೊಟ್ಟ ಟ್ರಸ್ಟಿನವರು ಆಸ್ಪತ್ರೆಯನ್ನೂ ಆಸ್ಪತ್ರೆಯವರು ಟ್ರಸ್ಟನ್ನೂ ತೋರಿಸುತ್ತಾರೆ. ಕೋಣೆಯ ಹೊಣೆ ಎಸ್‌ಎನ್‌ಸಿಯು ಸಿಸ್ಟರ್ ಇನ್‌ಚಾರ್ಜ್ ಕೈಯಲ್ಲಿರಲಿ, ಕಟ್ಟಿಸಿದವರು ಯಾರೇ ಆಗಿರಲಿ. ಪ್ರವೇಶಕ್ಕೆ ಕೂಸಿನ ಎಸ್‌ಎನ್‌ಸಿಯು ನಂಬರಿರುವ ಪಾಸ್ ಒಂದೇ ಸಾಕು: ತಾಯಿಗೆ ಒಂದು, ಜೊತೆಗಿರುವವರಿಗೆ ಒಂದು. ಆಧಾರ್ ಇಲ್ಲವೆಂದೋ ತಾಯಿ ಕಾರ್ಡು ಬೇರೆ ಜಿಲ್ಲೆಯದೆಂದೋ ವಾಪಸು ಕಳಿಸಬಾರದು. ಮೊದಲ ಹೆರಿಗೆಗೆ ತವರಿಗೆ ಬಂದವಳ ಕಾರ್ಡು ಗಂಡನ ಊರಿನದಾಗಿರುವುದು ಸಹಜ. ರಾತ್ರಿ ಕಾವಲಿಗೆ ಮಹಿಳೆ ಇರಲಿ.

ಒಂದು ಕೋಣೆ ಪ್ರತ್ಯೇಕ ಇರಲೇಬೇಕು, ಚಿಕ್ಕದಾದರೂ ಸರಿ. ಕೂಸನ್ನು ಕಳೆದುಕೊಂಡ ತಾಯಿಯನ್ನು ಆ ರಾತ್ರಿ ಬೇರೆ ತಾಯಂದಿರು ಕೂಸು ಕಟ್ಟಿಕೊಂಡು ಕೂತ ಕಡೆ ಮಲಗಿಸಬಾರದು. ಆಕೆಯ ಎದೆಯಲ್ಲಿ ಇನ್ನೂ ಹಾಲಿರುತ್ತದೆ. ಅದನ್ನು ನಿಲ್ಲಿಸುವುದು ಹೇಗೆಂದು ಸಿಸ್ಟರ್ ಕೂತು ಹೇಳಬೇಕು. ಕೂಸಿನ ದೇಹದೊಂದಿಗೆ ಊರಿಗೆ ಹೋಗಲು ಗಾಡಿ ಆಸ್ಪತ್ರೆಯಿಂದಲೇ ಸಿಗಬೇಕು. ನಗು-ಮಗು ವಾಹನ ಬದುಕಿದ ಕೂಸನ್ನು ಮನೆಗೆ ಬಿಡುತ್ತದೆ. ಈ ಕುಟುಂಬ ಬಸ್ ನಿಲ್ದಾಣದಲ್ಲಿ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೂರುವಂತಾಗಬಾರದು.

ಡಿಸ್ಚಾರ್ಜ್ ಆದ ಮೇಲೂ ಒಂದೆರಡು ರಾತ್ರಿಯ ಜಾಗ ಬೇಕಾಗುತ್ತದೆ, ಕಣ್ಣಿನ ಪರೀಕ್ಷೆಗಾಗಿ. 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆಯಿದ್ದ ಕೂಸಿಗೆ 30 ದಿನದೊಳಗೆ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು; 28 ವಾರದೊಳಗಿನ ಅಥವಾ 1,200 ಗ್ರಾಂ ಒಳಗಿನ ಕೂಸಿಗೆ ಎರಡು ಮೂರು ವಾರಕ್ಕೇ. ದಿನ ತುಂಬದ ಕೂಸುಗಳ ಅಕ್ಷಿಪಟಲಕ್ಕೆ ಬರುವ ಕಾಯಿಲೆ ಮುಂದುವರಿದಿದ್ದರೆ ಎರಡು ಮೂರು ದಿನದಲ್ಲಿ ಲೇಸರ್ ಆಗಬೇಕು, ತಪ್ಪಿದರೆ ಕೂಸು ಜೀವನಪೂರ್ತಿ ಕುರುಡಾಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್ರಾಪ್ ಯೋಜನೆಯಿಂದ ಕ್ಯಾಮೆರಾ ಹಿಡಿದ ತಂತ್ರಜ್ಞರೇ ಜಿಲ್ಲೆಗಳಿಗೆ ಹೋಗುವ ಪದ್ಧತಿ ರಾಜ್ಯದಲ್ಲಿ ಬೆಳೆದಿದೆ. ಪರೀಕ್ಷೆಯ ದಿನ ಬೆಳಗ್ಗೆ ಕೂಸು ಆಸ್ಪತ್ರೆಯಲ್ಲಿರಬೇಕಾದರೆ ದೂರದ ಹಳ್ಳಿಯವರು ಹಿಂದಿನ ರಾತ್ರಿಯೇ ಬರಬೇಕು. ಇಂಥವರಿಗೆ ಎರಡು ಮಂಚ ಕಾದಿರಿಸಿ, ಪರೀಕ್ಷೆಯ ತಾರೀಖನ್ನು ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ.

ಕೂಲಿ ನಷ್ಟಕ್ಕೂ ಮಾದರಿ ನಮ್ಮಲ್ಲೇ ಇದೆ. ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರದಲ್ಲಿ ಮಗುವಿನ ಜೊತೆ ಉಳಿಯುವ ತಾಯಿಗೆ ಊಟವನ್ನೂ ಕೊಡುತ್ತಾರೆ, ದಿನಗೂಲಿಯ ನಷ್ಟಕ್ಕೆ ಪರಿಹಾರವನ್ನೂ ಕೊಡುತ್ತಾರೆ. ಅದೇ ನಿಯಮವನ್ನು ಎಸ್‌ಎನ್‌ಸಿಯು ತಾಯಂದಿರಿಗೆ ಅನ್ವಯಿಸಿ. ಚಿಕಿತ್ಸೆ ಪುಕ್ಕಟೆ ಇದ್ದರೂ ಎಷ್ಟೋ ಕುಟುಂಬಗಳು 1,400 ಗ್ರಾಂ ಕೂಸನ್ನು ವೈದ್ಯರ ಮಾತು ಮೀರಿ, ಸಹಿ ಹಾಕಿ ಒಯ್ಯುವುದು ಊಟದ ಖರ್ಚು ಮತ್ತು ಹೋದ ಕೂಲಿ ತಾಳಲಾರದೆ.

ಇವುಗಳಲ್ಲಿ ಕಟ್ಟಡಕ್ಕೆ, ಮಂಚಕ್ಕೆ, ಫ್ರಿಜ್ಜಿಗೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಬೇಕು, ಸಮಯವೂ ಬೇಕು. ಆದರೆ ಒಂದು ಕೆಲಸಕ್ಕೆ ಯಾವ ಟೆಂಡರೂ ಬೇಡ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲಿ ಈ ಠರಾವು ಆಗಲಿ: "ಎಸ್‌ಎನ್‌ಸಿಯುದಲ್ಲಿ ದಾಖಲಾದ ಕೂಸಿನ ತಾಯಿಯ ಹೆಸರು, ಆಕೆ ಎಲ್ಲಿ ಹೆತ್ತಿದ್ದರೂ, ಕೂಸು ಡಿಸ್ಚಾರ್ಜ್ ಆಗುವ ದಿನದವರೆಗೆ ಊಟದ ಪಟ್ಟಿಯಲ್ಲಿ ಇರತಕ್ಕದ್ದು, ಆಕೆಗೆ ಹಗಲು ರಾತ್ರಿ ಘಟಕದ ಪ್ರವೇಶ ಇರತಕ್ಕದ್ದು." ಠರಾವಿನ ಪ್ರತಿಯನ್ನು ಅಡುಗೆಮನೆಯ ಗೋಡೆಗೂ ಗೇಟಿನ ಕಾವಲುಗಾರನ ಮೇಜಿಗೂ ಅಂಟಿಸಿ. ತಾಯಿಯನ್ನು ತಡೆಯುವುದು ಸಾಮಾನ್ಯವಾಗಿ ಈ ಎರಡು ಕಡೆಯೇ.

ಇತಿ,
ನವಜಾತ ಶಿಶುಗಳ ಆರೈಕೆಯಲ್ಲಿ ದುಡಿಯುವ ಶುಶ್ರೂಷಕಿಯರು, ಆಪ್ತ ಸಮಾಲೋಚಕರು ಮತ್ತು ಆಶಾ ಕಾರ್ಯಕರ್ತೆಯರು